ಅಂಬಾರಿಯಲ್ಲಿ ದಾರ ತಿರುಗುವ ಜಾಗ

ಮೊನ್ನೆ ಟ್ರಂಕು ತೆರೆದಾಗ ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಾನು ನೆನಪಿನಲ್ಲೇ ಗೋಪನಕೊಪ್ಪದ ನಮ್ಮ ಬಾಜೂಮನೆ ಕಾಕೂ ಹತ್ತಿರ ಹೋಗಿಬಿಟ್ಟೆ...

ಅವರ ತಾಯಿ ಕಸೂತಿ ಹಾಕಿದ್ದ ಇಳಕಲ್ ಸೀರೆಯ ಸೆರಗಿನಲ್ಲಿ ಒಂದು ಆನೆಯಿತ್ತು. ಅದರ ಅಂಬಾರಿಯನ್ನು ನುಸಿ ತಿಂದಿತ್ತು. ಕಣ್ಣಿಗೆ ಪೊರೆ ಪೂರ್ತಿ ಕವಿಯುವುದರೊಳಗೆ ಅದನ್ನು ಮತ್ತೆ ಹಾಕಬೇಕೆಂಬುದು ಕಾಕೂನ ಹಟ. ಆಕಾರ ಗೊತ್ತಿತ್ತು, ದಾರ ಹೋಗಿಬರುವ ಹಾದಿ ಗೊತ್ತಿರಲಿಲ್ಲ. ಕಸೂತಿಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು, ಗಂಟು ಹಾಕುವಂತಿಲ್ಲ. ಸೂಜಿ ಜಾಗ ಬಿಡುತ್ತ ಹೋಗಿ, ಬಿಟ್ಟದ್ದನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಅಂಬಾರಿಯಲ್ಲಿ ಎಲ್ಲಿ ತಿರುಗುವುದು?

ಆಗಷ್ಟೇ ಬೆಂಗೇರಿಯಲ್ಲಿ ಸೈಬರ್ ಕೆಫೆ ಆಗಿತ್ತು. ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ ನನಗೆ ಜಾಣತನ ತೋರಿಸುವ ಚಟ, ಕಾಕೂನನ್ನು ಕರೆದೊಯ್ದೆ. ಮೊದಲ ದಿನ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಹೊಲಿಗೆ ಯಂತ್ರ ಮಾರುವವರು ಸಿಕ್ಕರು. ಎರಡನೆಯ ದಿನ ಉಪ್ಪಿನಕಾಯಿಯ ಪುಟ. "ತಡಿಯವಾ, ಇವರು ಏನೇನ ಹಾಕ್ತಾರ ನೋಡೂಣು," ಎಂದು ಕಾಕೂ ಅಲ್ಲೇ ಅರ್ಧ ತಾಸು ಕಳೆದರು. ಮೂರನೆಯ ಸಲ, ಯಾವುದೋ ದೇಶದ ಹೆಣ್ಣುಮಗಳು ಹವ್ಯಾಸಕ್ಕೆಂದು ಮಾಡಿಟ್ಟ ಪುಟ ತೆರೆಯಿತು. ನಮ್ಮ ಕಸೂತಿಯ ಹಾಗೇ ಎರಡೂ ಮಗ್ಗುಲು ಒಂದೇ ಥರದ ಹೊಲಿಗೆ! ಚೌಕಳಿ ಕಾಗದದ ಮೇಲೆ ಟೊಂಗೆಗಳ ಚಿತ್ರ, ಸೂಜಿಯ ಹಾದಿಗೆ ಬಾಣದ ಗುರುತು.

"ಇದರ ಹಿಂದಿನ ಮಗ್ಗಲಾ ತೋರಸವಾ."

ಚಿತ್ರ ಹೊರಳಿಸಲು ಬರುವುದಿಲ್ಲ ಎಂದೆ. "ಹಿಂದ ನೋಡದ ಹೆಂಗ ನಂಬೂದು?" ಎಂದು ಅವರು ಎದ್ದು ಕಂಪ್ಯೂಟರಿನ ಹಿಂದೆ ಇಣುಕಿಯೇ ಬಂದರು! ನಾನು ನಗು ತಡೆದುಕೊಂಡೆ. ಆಮೇಲೆ ಬೆರಳಿಟ್ಟು ಚೌಕ ಎಣಿಸುತ್ತ ಕೂತವರು ಒಮ್ಮೆಲೇ, "ಅಯ್ಯ ಶಿವನ! ಟೊಂಗಿ ಬಂದಲ್ಲೆಲ್ಲಾ ತುದಿ ಮುಟ್ಟಿ ಬಂದು ಮುಂದ ಹೋಗಬೇಕಲಾ!" ಎಂದರು.

ವಾರದೊಳಗೆ ಅಂಬಾರಿ ಆನೆಯ ಮೇಲೇರಿತು. ಸೆರಗು ಹೊರಳಿಸಿ ತೋರಿಸಿದರು. ಯಾವುದು ಹಿಂದು, ಯಾವುದು ಮುಂದು ತಿಳಿಯಲಿಲ್ಲ. "ಬಾರವಾ, ಸೂಜಿ ಹಿಡಿ. ಕಣ್ಣು ಇರೂತನಕಾ ನಿನಗೂ ಕಲಿಸ್ತೇನಿ."

"ಸೈಟಿನ ಹೆಸರು ಬರಕೊಂಡೇನ್ರಿ ಕಾಕೂ. ಯಾವಾಗ ಬೇಕಾದ್ರೂ ನೋಡ್ಕೋತೇನಿ," ಎಂದೆ. ಅವರು ಒತ್ತಾಯ ಮಾಡಲಿಲ್ಲ.

ಕಾಕೂ ಹೋಗಿ ಬಹಳ ವರ್ಷವಾಯಿತು. ಈಚೆಗೆ ನನಗೂ ಕಸೂತಿಯ ಹುಚ್ಚು ಹಿಡಿದು ಆ ಪುಟ ಹುಡುಕಿದೆ. ಅದು ಎಲ್ಲಿಯೂ ಇಲ್ಲ... ವಿಡಿಯೋಗಳಿಗೇನು ಬರವಿಲ್ಲ. ಒಂದನ್ನು ನೋಡುತ್ತ ಆನೆಯ ಕಾಲು ಹಾಕಿದೆ. ಹೊರಳಿಸಿದರೆ ಬರೀ ದಾರದ ಗೋಜಲು. ಎಲ್ಲಿ ತಪ್ಪಿದೆ ಎಂದು ಕೇಳೋಣವೆಂದರೆ, ವಿಡಿಯೋದವಳಿಗೆ ನನ್ನ ಬಟ್ಟೆ ಕಾಣುವುದಿಲ್ಲ. ಗೋಡೆಯಾಚೆಗಿದ್ದ ಕಾಕೂಗೆ, ಪೊರೆ ಬಂದ ಕಣ್ಣಲ್ಲೂ ನನ್ನ ತಪ್ಪು ಕಾಣುತ್ತಿತ್ತು. ಕಲಿಯಲು ನಾನೇ ಹೋಗಲಿಲ್ಲ.