ಮುದ್ದೇಬಿಹಾಳದ ಕೋರ್ಟಿನಲ್ಲಿ ಕುಂಟದ ಕಾಲು

ಅರವತ್ತರ ದಶಕದಲ್ಲಿ ನಾನು ಇಂಡಿ ಎಂಬ ಊರಿನಲ್ಲಿ ಡಾಕ್ಟರಾಗಿದ್ದೆ. ಮುರಿದ ಎಲುಬು ಕೂಡಿಸುವುದರಲ್ಲಿ ತಕ್ಕಮಟ್ಟಿಗೆ ಹೆಸರಾಗಿದ್ದರಿಂದ, ಸುತ್ತಲಿನ ಊರುಗಳಲ್ಲಿ ಯಾರಾದರೂ ಡಾಕ್ಟರರ ಮೇಲೆ ಖಟ್ಲೆ ಹಾಕಿದರೆ ತಜ್ಞ ಸಾಕ್ಷಿಯೆಂದು ಕೋರ್ಟಿನವರು ನನ್ನನ್ನು ಕರೆಸುತ್ತಿದ್ದರು. ಮುದ್ದೇಬಿಹಾಳದ ಒಂದು ಖಟ್ಲೆ ನೆನೆದರೆ ಈಗಲೂ ನಗು ಬರುತ್ತದೆ.

ನಾಲತವಾಡದ ಕಡೆಯ ರೈತನೊಬ್ಬ ಚಕ್ಕಡಿಯಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದ. ಮುದ್ದೇಬಿಹಾಳದ ವಯಸ್ಸಾದ ಡಾಕ್ಟರೊಬ್ಬರು ಪ್ಲಾಸ್ಟರ್ ಹಾಕಿದ್ದರು. ಅದನ್ನು ಬಿಚ್ಚಿದ ಮೇಲೆ ಕಾಲು ಗಿಡ್ಡಾಗಿದೆ, ಡಾಕ್ಟರರು ಎಲುಬು ಸರಿಯಾಗಿ ಕೂಡಿಸಲಿಲ್ಲ ಎಂಬುದು ರೈತನ ದೂರು.

ಕೋರ್ಟಿನ ಬದಿಯ ಕೋಣೆಯಲ್ಲಿ ಅವನನ್ನು ಮಲಗಿಸಿ ಟೇಪು ಹಿಡಿದು ಅಳೆದೆ. ಎರಡೂ ಕಾಲು ಸಮವಾಗಿದ್ದವು. ಕಟಕಟೆಯಲ್ಲಿ ನಿಂತು ಹಾಗೆಯೇ ಹೇಳಿದೆ.

"ಎಲ್ಲಿ, ನಡದ ತೋರಸು," ಎಂದರು ಖಟ್ಲೆ ಕೇಳುತ್ತಿದ್ದ ಮುನಸೀಫರು.

ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ ರೈತ ಬರಿಗಾಲಲ್ಲಿ ನೆಟ್ಟಗೆ ನಡೆದ. ಕೂತವರೆಲ್ಲ ನಕ್ಕರು. ಡಾಕ್ಟರರ ವಕೀಲರು ಎದ್ದು, "ಇದು ಪೂರಾ ಸುಳ್ಳು ಖಟ್ಲೆರೀ," ಎಂದರು.

ರೈತನ ಮುಖ ಸಣ್ಣದಾಯಿತು. "ದೇವರಾಣಿ ಸುಳ್ಳಲ್ಲರಿ ಸಾಹೇಬ್ರ. ಇಲ್ಲಿ ಹ್ಯಾಂಗ ನೆಟ್ಟಗಾತೋ ತಿಳೀವಲ್ದು. ಹೊರಗ ಕುಂಟತೇನ್ರಿ."

ಸುಳ್ಳು ಹೇಳುವವನ ಕಣ್ಣು ಹಾಗಿರುವುದಿಲ್ಲ ಅನ್ನಿಸಿತು. ಮುನಸೀಫರ ಅಪ್ಪಣೆ ಪಡೆದು ಅವನನ್ನು ಪಡಸಾಲೆಗೆ ಕರೆದುಕೊಂಡು ಹೋದೆ. ಮುನಸೀಫರೂ ಕುರ್ಚಿ ಬಿಟ್ಟು ಹಿಂದೆಯೇ ಬಂದರು, ಮುದಿ ಡಾಕ್ಟರರೂ ಬಂದರು. ಚಪ್ಪಲಿ ಮೆಟ್ಟಿದ ರೈತ ನಾಲ್ಕು ಹೆಜ್ಜೆ ಹಾಕಿದ. ನಿಜವಾಗಿಯೂ ಕುಂಟುತ್ತಿದ್ದ! ಚಪ್ಪಲಿ ಬಿಡಿಸಿ ಬೋರಲು ಹಾಕಿ ನೋಡಿದೆ. ಎಡಗಾಲಿನದಕ್ಕೆ ಹೆಬ್ಬೆರಳು ದಪ್ಪದ ಹೊಸ ಅಟ್ಟೆ. ಬಲಗಾಲಿನದು ಹಳೆಯದು, ತೆಳ್ಳಗೆ ಹಪ್ಪಳದಂತಿತ್ತು.

"ಇದೊಂದಕ್ಕ ಯಾಕ ಅಟ್ಟಿ ಹಾಕಿಸೀಯಪಾ?" ಎಂದು ಕೇಳಿದೆ.

"ಬಲಗಾಲು ಪ್ಲಾಸ್ಟರಿನ್ಯಾಗ ಇತ್ತಲ್ರಿ. ಬಡಿಗಿ ಹಿಡಕೊಂಡು ಎಡಗಾಲಿನ ಮ್ಯಾಲೇ ಅಡ್ಡ್ಯಾಡೀನಿ. ಆ ಚಪ್ಪಲಿ ಹರದಿತ್ತು, ಅದಕ್ಕಷ್ಟ ಹಾಕಿಸೀನಿ. ಚಲೋ ಇದ್ದದ್ದಕ್ಕ ಯಾಕ ಹಾಕಸೂದ್ರಿ?"

ಮುನಸೀಫರೇ ಮೊದಲು ನಕ್ಕರು. ರೈತನೂ ಎರಡು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿ ನಗತೊಡಗಿದ. ಆಮೇಲೆ ಒಮ್ಮೆಲೇ ಅವುಗಳನ್ನು ಕೆಳಗಿಟ್ಟು ಮುದಿ ಡಾಕ್ಟರರ ಕಾಲಿಗೆ ಬಾಗಿದ.

ಅವರು ಅವನ ರಟ್ಟೆ ಹಿಡಿದು ಎಬ್ಬಿಸಿದರು. "ನನಗೂ ಅಂಜಿಕಿ ಆಗಿತ್ತೋ ತಮ್ಮಾ. ವಯಸ್ಸಾತು, ಕೈ ತಪ್ಪಿತೇನೋ ಅಂತ ನಿದ್ದೀನ ಹತ್ತಿದ್ದಿಲ್ಲ," ಎಂದರು.

ಖಟ್ಲೆ ಅಲ್ಲಿಗೇ ಮುಗಿಯಿತು. ಮಧ್ಯಾಹ್ನ ಆ ಡಾಕ್ಟರರ ಮನೆಯಲ್ಲಿ ರೈತನೂ ನಾನೂ ಒಂದೇ ಸಾಲಿನಲ್ಲಿ ಕೂತು ರೊಟ್ಟಿ, ಎಣ್ಣೆಗಾಯಿ ಪಲ್ಯ ಉಂಡೆವು. ರೈತ ಬೇಡಬೇಡವೆಂದರೂ ಡಾಕ್ಟರರ ಹೆಂಡತಿ ಅವನ ತಾಟಿಗೇ ಹೆಚ್ಚು ಬೆಣ್ಣೆ ಹಾಕಿದರು.