ನಾಲಿಗೆ ತುದಿಯ ‘ಳು’

ನಮ್ಮಕ್ಕನ ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಅಲ್ಲಿ ಅವಳಿಗೆ ಬಿದ್ದ ಅಡ್ಡಹೆಸರು ಮರ್ಯಾದಮ್ಮ. ಕಸ ಗುಡಿಸುವ ಚಿಕ್ಕ ಹುಡುಗಿಯೂ ಅವಳ ಬಾಯಲ್ಲಿ ‘ಬಂದ್ರು’. ಮನೆಯ ಬೆಕ್ಕೂ ‘ಬಂದ್ರು’. ಇದರ ಗುಟ್ಟು ಗೊತ್ತಿದ್ದದ್ದು ಚಿಕ್ಕಮ್ಮನಾದ ನನಗೊಬ್ಬಳಿಗೇ.

ಅವಳು ಪ್ರೀತಿಸಿದ್ದು ಒಬ್ಬ ಹುಡುಗಿಯನ್ನು. ಅಂಗಡಿಗಳಿಗೆ ಬೋರ್ಡ್ ಬರೆಯುವವಳು, ಅಪ್ಪಟ ಬಂಗಾರ. ಮನೆಯಲ್ಲಿ ಮದುವೆಯ ಮಾತೆದ್ದಾಗ ಇವಳು, ಒಬ್ಬರನ್ನು ನೋಡಿಕೊಂಡಿದ್ದೀನಿ, ಅವರು ಸದ್ಯಕ್ಕೆ ಬೇಡ ಅಂತಾರೆ ಎಂದಳು. ಅದೇನೂ ಸುಳ್ಳಲ್ಲ. ‘ಅವರು’ ಅಂದರೆ ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ನಮ್ಮ ಭಾವ ಗಂಡೆಂದೇ ತಿಳಿದು, ಈಗಲೇ ಎಷ್ಟು ಗೌರವ ನೋಡಿ ಎಂದು ಬೀಗಿದರು. ಅದೇ ಭಾವ, ಟಿವಿಯಲ್ಲಿ ಇಬ್ಬರು ಹೆಂಗಸರ ಸಂಸಾರ ತೋರಿಸಿದಾಗ, ನನ್ನ ಮಗಳಾಗಿದ್ದರೆ ಕತ್ತು ಹಿಡಿದು ಆಚೆಗೆ ಹಾಕುತ್ತಿದ್ದೆ ಎಂದಿದ್ದರು.

ಅಂದಿನಿಂದ ಅವಳು ತನ್ನ ಬಾಯಿಗೆ ತಾನೇ ಕಾವಲು ಕೂತಳು. ಒಂದು ‘ಳು’ ಜಾರಿದರೆ ಅಪ್ಪ ಅಮ್ಮ ಮನೆ ಎಲ್ಲ ಹೋಯಿತು. ಒಬ್ಬರಿಗಷ್ಟೇ ಮರ್ಯಾದೆ ಕೊಟ್ಟರೆ ನಾಲಿಗೆ ಎಲ್ಲಾದರೂ ಕೈಕೊಟ್ಟೀತೆಂದು ಊರಿಗೆಲ್ಲ ಕೊಟ್ಟು ರೂಢಿ ಮಾಡಿಕೊಂಡಳು. ಮಾತಾಡುವ ಮುಂಚೆ ಒಂದು ಕ್ಷಣ ತಡೆಯುವಳು. ಎಲ್ಲರ ಜೊತೆ ಊಟಕ್ಕೆ ಕೂತರೆ ಅನ್ನ ಸೇರುತ್ತಿರಲಿಲ್ಲ. ನಿದ್ದೆಯಲ್ಲಿ ಬಡಬಡಿಸಿಬಿಟ್ಟರೆ ಏನು ಗತಿ ಎಂದು ಅಮ್ಮನ ಪಕ್ಕ ಮಲಗುವುದನ್ನೂ ಬಿಟ್ಟಳು. ಡಾಕ್ಟರು ಗ್ಯಾಸ್ಟ್ರಿಕ್ ಅಂದರು. ಗ್ಯಾಸ್ಟ್ರಿಕ್ಕಂತೆ, ಅವರ ತಲೆ!

ಆ ಭಾನುವಾರ ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ. ಅವಳಿಗೆ ಫೋನ್ ಬಂತು. ಕೇಳುತ್ತಲೇ ಮುಖ ಬಿಳಿಚಿಕೊಂಡಿತು. ಅವರದ್ದಾ, ಏನಂತೆ ಎಂದು ಭಾವ ಕೇಳಿದರು.

“ಹೂಂ ಅಪ್ಪ. ಏಣಿಯಿಂದ ಬಿದ್ದುಬಿಟ್ಲಂತೆ.”

ಭಾವನ ಕೈ ತಟ್ಟೆಯಲ್ಲೇ ನಿಂತಿತು. “ಬಿದ್ಲಾ? ಯಾರು ಬಿದ್ಲು?”

ಅಕ್ಕ ಮಗಳ ಮುಖವನ್ನೇ ನೋಡಿದಳು. ಒಂದು ಕ್ಷಣ ತಡೆದಳು, ಥೇಟ್ ಮಗಳ ಹಾಗೆ.

“ಬಿದ್ದುಬಿಟ್ರಂತೆ ಅಂದಿದ್ದು ರೀ. ಆ ಫ್ಯಾಕ್ಟರಿ ಮಿಷನ್ ಪಕ್ಕ ನಿಂತೂ ನಿಂತೂ ನಿಮ್ಮ ಕಿವಿ ಹಾಳಾಗಿದೆ.”

ಭಾವ ಗೊಣಗಿ ಮತ್ತೆ ಊಟಕ್ಕೆ ಕೈ ಹಾಕಿದರು. ಅಕ್ಕ ಮಗಳನ್ನು ಎಬ್ಬಿಸಿ ಬಾಗಿಲಿನವರೆಗೆ ಕರೆದುಕೊಂಡು ಹೋದಳು. ಹಿಂದೆಯೇ ಹೋದ ನನಗೂ ಕಷ್ಟದಲ್ಲಿ ಕೇಳಿಸುವಷ್ಟು ಮೆಲ್ಲಗೆ ಅಂದಳು:

“ಬೇಗ ಹೋಗು. ಅವಳ ಹತ್ರ ಯಾರಿದ್ದಾರೆ?”

ಹುಡುಗಿ ಅಳುತ್ತಲೇ ಮೆಟ್ಟಿಲಿಳಿದಳು.

ಬೋರ್ಡಿನ ಹುಡುಗಿಗೆ ಕೈ ಮುರಿದಿತ್ತು, ಕೂಡಿಕೊಂಡಿತು. ಆದರೆ ಭಾವ ಈಗ, ಹುಡುಗನನ್ನು ಒಂದು ಸಲ ಮನೆಗೆ ಕರೆಸು ಎಂದು ಬೆನ್ನು ಬಿದ್ದಿದ್ದಾರೆ. ನಮ್ಮಕ್ಕನಿಗೂ ಊಟ ಸೇರುತ್ತಿಲ್ಲ. ಮೊನ್ನೆ ನಾನು ಹೋದಾಗ ಭಾವ ಪೇಪರ್ ಓದುತ್ತ ಕೂತಿದ್ದರು. ಬೆಕ್ಕು ಒಳಗೆ ಬಂತು. ಅಕ್ಕ ಒಂದು ಕ್ಷಣ ತಡೆದು, “ಬಂದ್ರಾ? ಹಾಲು ಕುಡೀತೀರಾ?” ಎಂದು ಕೇಳಿದಳು.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.