ಚೀಟಿಯಿಲ್ಲದ ನಲವತ್ತೆರಡು ಡಬ್ಬಿಗಳು

ವೈದ್ಯರ ಮನೆಯ ಹಿಂದಿನ ಕೋಣೆಯಲ್ಲಿ ಔಷಧಿ ತಯಾರಿಸುವವಳನ್ನು ಎಲ್ಲರೂ ಕಷಾಯದಕ್ಕ ಎನ್ನುತ್ತಿದ್ದರು. ಹಿರಿಯ ವೈದ್ಯರ ಕಾಲದಲ್ಲಿ ಸೇರಿದವಳು. ಈಗ ಅವರ ಮಗ ಚಿಕ್ಕ ವೈದ್ಯರ ಬಳಿ ಇದ್ದಳು. ಒಟ್ಟು ಮೂವತ್ತೊಂದು ವರ್ಷ. ಒಂದು ಭಾಗ ಜಜ್ಜಿದ ಬೇರು, ಹದಿನಾರು ಭಾಗ ನೀರು, ಮುಚ್ಚಳವಿಲ್ಲದ ಪಾತ್ರೆ, ಸಣ್ಣ ಉರಿ. ನೀರು ನಾಲ್ಕು ಭಾಗಕ್ಕೆ ಇಳಿಯಬೇಕು. ಅಳೆಯಲು ಗುರುತು ಕೊರೆದ ಕೋಲೊಂದಿತ್ತು. ಅದು ಗೋಡೆಗೊರಗಿ ಧೂಳು ತಿನ್ನುತ್ತಿತ್ತು. ಹದ ಬಂತೆಂದು ಹೇಳುತ್ತಿದ್ದುದು ಅವಳ ಮೂಗು.

ಕಷಾಯ ಕುದಿಯುವ ಹೊತ್ತಿನಲ್ಲಿ ಬಾಗಿಲ ಬಳಿ ಕಾದು ಕೂತವರಿಗೆ ಪಾಠ ನಡೆಯುತ್ತಿತ್ತು.

“ಮೈ ಅಂದ್ರೆ ಈ ಪಾತ್ರೆ ಥರಾನೇ. ಕೆಳಗಿನ ಬೆಂಕಿ ಪಿತ್ತ. ಒಳಗಿನ ನೀರು, ಜಿಡ್ಡು ಕಫ. ಎಲ್ಲಾನೂ ತಿರುಗಿಸ್ತಾ ಇರೋ ಗಾಳಿ ವಾತ. ಮೂರೂ ಬೇಕು, ಯಾವುದೂ ಹದ ಮೀರಬಾರದು.”

“ನನ್ನಲ್ಲಿ ಯಾವುದು ಮೀರಿದೆ ಅಕ್ಕ?” ಎಂದು ಒಮ್ಮೆ ದರ್ಜಿ ಕೇಳಿದ್ದ.

“ಮಾತು. ಅದಕ್ಕೆ ಇಲ್ಲಿ ಔಷಧಿ ಇಲ್ಲ.”

ಹೋದ ಚಳಿಗಾಲದಲ್ಲಿ ಅವಳಿಗೆ ಒಂದು ವಾರ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಲವಂಗದ ಡಬ್ಬಿ ತೆರೆದು ಮೂಗಿಗೆ ಹಿಡಿದರೆ ಖಾಲಿ ಡಬ್ಬಿ ಹಿಡಿದಂತಿತ್ತು. ಕೆಲಸ ಹೋದೀತೆಂಬ ಭಯಕ್ಕೆ ಯಾರಿಗೂ ಹೇಳಲಿಲ್ಲ. ಕೋಲಿನ ಧೂಳು ಒರೆಸಿ ಕಷಾಯ ಅಳೆದಳು. ಎಣ್ಣೆ ಕಾಯಿಸುವಾಗ ಅದರೊಳಗಿನ ಅರೆದ ಮೂಲಿಕೆಯನ್ನು ಬೆರಳಲ್ಲಿ ಹೊಸೆದು ಬತ್ತಿ ಮಾಡಿ ಉರಿಗೆ ಹಿಡಿದಳು. ಚಟಪಟ ಎಂದರೆ ನೀರಿನಂಶ ಉಳಿದಿದೆ, ಸದ್ದಿಲ್ಲದಿದ್ದರೆ ಎಣ್ಣೆ ಸಿದ್ಧ. ಮೂಗಿನ ಕೆಲಸವನ್ನು ಕಣ್ಣು, ಕೈ, ಕಿವಿ ಹಂಚಿಕೊಂಡವು.

ಪುಡಿಗಳ ಚಿಂತೆ ಇರಲಿಲ್ಲ. ನಲವತ್ತೆರಡು ಡಬ್ಬಿಗಳಲ್ಲಿ ಒಂದಕ್ಕೂ ಹೆಸರಿನ ಚೀಟಿ ಇರಲಿಲ್ಲ, ಆದರೆ ಯಾವುದು ಎಲ್ಲಿದೆಯೆಂದು ಕೈಗೆ ಗೊತ್ತಿತ್ತು. ಚೀಟಿ ಅಂಟಿಸೋಣವೆಂದು ಚಿಕ್ಕ ವೈದ್ಯರು ಎರಡು ಸಲ ಹೇಳಿದ್ದರು. “ನನ್ನ ಮೂಗು ಸತ್ತ ದಿನ ಅಂಟಿಸಿ” ಎಂದು ನಕ್ಕವಳು ಅವಳೇ.

ಒಂದು ಭಾನುವಾರ ಕೋಣೆಗೆ ಸುಣ್ಣ ಬಳಿಸಿದರು. ಸೋಮವಾರ ಅವಳು ಬಂದಾಗ ಡಬ್ಬಿಗಳೆಲ್ಲ ತೊಳೆದಂತೆ ಹೊಳೆಯುತ್ತ ಹೊಸ ಸಾಲಿನಲ್ಲಿ ನಿಂತಿದ್ದವು.

“ಹೆಂಗಿದೆ ಅಕ್ಕ? ದೊಡ್ಡವು ಹಿಂದೆ, ಚಿಕ್ಕವು ಮುಂದೆ. ಶಾಲೆ ಫೋಟೋ ಥರ!” ಎಂದ ಸುಣ್ಣದವನು.

ಅವಳ ಕೈಗೆ ಗೊತ್ತಿದ್ದ ಜಾಗದಲ್ಲಿ ಒಂದು ಡಬ್ಬಿಯೂ ಇರಲಿಲ್ಲ.

ಅಷ್ಟರಲ್ಲಿ ಚಿಕ್ಕ ವೈದ್ಯರ ಬರಹ ಹಿಡಿದು ಒಬ್ಬ ಮೇಷ್ಟ್ರು ಬಂದರು. ಹೊಟ್ಟೆಯುರಿ, ಅತಿಮಧುರದ ಪುಡಿ, ಹದಿನಾಲ್ಕು ಪೊಟ್ಟಣ. ಅವಳು ಒಂದು ಡಬ್ಬಿ ಇಳಿಸಿದಳು. ಮಾಸಲು ಹಳದಿ ಪುಡಿ. ಅತಿಮಧುರವೋ, ಒಣಶುಂಠಿಯೋ? ಒಂದು ಉರಿ ಆರಿಸುವುದು, ಇನ್ನೊಂದು ಹೆಚ್ಚಿಸುವುದು. ಮೂಗಿಗೆ ಹಿಡಿದಳು. ಏನೂ ಇಲ್ಲ. ಅಂದಾಜಿನ ಮೇಲೆ ಮೂರು ಪೊಟ್ಟಣ ಕಟ್ಟಿದಳು. ನಾಲ್ಕನೆಯದಕ್ಕೆ ಕೈ ಏಳಲಿಲ್ಲ.

“ಸ್ವಲ್ಪ ಕೂತಿರಿ ಮೇಷ್ಟ್ರೇ” ಎಂದು ಡಬ್ಬಿ ಹಿಡಿದು ಮುಂದಿನ ಕೋಣೆಗೆ ಹೋದಳು.

“ಚಿಕ್ಕ ವೈದ್ಯರೇ, ಚೀಟಿ ಅಂಟಿಸೋ ದಿನ ಬಂತು.”

ಅವರು ತಲೆಯೆತ್ತಿ ಅವಳ ಮುಖವನ್ನೇ ನೋಡಿದರು. “ಯಾವಾಗಿಂದ?”

“ಜ್ವರ ಬಿಟ್ಟಾಗಿಂದ. ಎಪ್ಪತ್ತು ದಿನ. ಇನ್ನು ನನ್ನ ಕಳಿಸಿಬಿಡಿ.”

ಅವರು ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು.

“ಮೂಗಿನ ನಾಡಿ ಅಲ್ಲಿಲ್ಲ.”

“ಸುಮ್ನಿರಿ ಅಕ್ಕ. ಬಾಯಿ ತೆಗೀರಿ.” ಡಬ್ಬಿಯ ಪುಡಿಯನ್ನು ಮೂಸಿ, ಒಂದು ಚಿಟಿಕೆ ಅವಳ ನಾಲಿಗೆಗೆ ಹಾಕಿದರು.

ಅವಳ ಕಣ್ಣಲ್ಲಿ ನೀರು ಬಂತು. “ಖಾರ!”

“ಶುಂಠಿ. ನಾಲಿಗೆ ಗಟ್ಟಿ ಇದೆಯಲ್ಲ!”

ಊಟವೆಲ್ಲ ಹೊಟ್ಟಿನಂತಾದ ಮೇಲೆ ನಾಲಿಗೆಯೂ ಹೋಯಿತೆಂದೇ ಅವಳು ತಿಳಿದಿದ್ದಳು. ಊಟದ ರುಚಿ ಎನ್ನುವುದರಲ್ಲಿ ಹೆಚ್ಚಿನ ಪಾಲು ವಾಸನೆಯದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಅದಿಲ್ಲದೆಯೂ ಬದುಕಿರುತ್ತವೆ. ಸಂತೋಷಪಡುವ ಮೊದಲು ಅವಳಿಗೆ ಮೇಷ್ಟ್ರ ಹೊಟ್ಟೆ ನೆನಪಾಯಿತು. ಹಿಂದಿನ ಕೋಣೆಗೆ ಹೋಗಿ, ಕಟ್ಟಿದ್ದ ಮೂರು ಪೊಟ್ಟಣ ಬಿಚ್ಚಿ ಡಬ್ಬಿಗೆ ಸುರಿದಳು.

“ತಪ್ಪು ಪೊಟ್ಟಣ ಕೊಡದೆ ಎದ್ದು ಬಂದವರನ್ನ ಎಲ್ಲಿಗೆ ಕಳಿಸಲಿ?” ಎಂದರು ಹಿಂದೆಯೇ ಬಂದ ಚಿಕ್ಕ ವೈದ್ಯರು. “ಹುಡುಗನಾಗಿದ್ದಾಗ ಕಣ್ಣು ಕಟ್ಟಿ ಇದೇ ಡಬ್ಬಿಗಳನ್ನ ನನಗೆ ಮೂಸಿಸಿದ್ದು ನೀವೇ. ನಾನು ಮೂಸ್ತೀನಿ, ನೀವು ರುಚಿ ನೋಡಿ. ಇಬ್ಬರಿಗೂ ಒಪ್ಪಿಗೆಯಾದರೆ ಮಾತ್ರ ಚೀಟಿ.”

“ನಿಮ್ಮದು ನೆಗಡಿ ಮೂಗು.”

“ಇರೋ ಮೂಗಲ್ಲಿ ಸುಧಾರಿಸಬೇಕು ಅಕ್ಕ.”

ವಿಷದ ಅಂಶವಿರುವವು ಬೇರೆ ಕಪಾಟಿನಲ್ಲಿ ಬೀಗದೊಳಗಿದ್ದುದರಿಂದ ಹೆದರಿಕೆಯಿರಲಿಲ್ಲ. ಕಹಿ ಬಂದರೆ “ಇದು ಕಫಕ್ಕೂ ಆಯ್ತು, ಪಿತ್ತಕ್ಕೂ ಆಯ್ತು” ಎನ್ನುವಳು. ಒಗರು ಬಂದರೆ ಬಾಯಿ ಮುಕ್ಕಳಿಸುವಳು. ಹನ್ನೆರಡನೆಯ ಡಬ್ಬಿಗೆ ಇಬ್ಬರಿಗೂ ಜಗಳವಾಗಿ ಅದನ್ನು ಬದಿಗಿಟ್ಟರು. ಇಪ್ಪತ್ಮೂರನೆಯದು ನಾಲಿಗೆಗೆ ತಾಗಿದ್ದೇ ಅವಳು ಮಾತು ನಿಲ್ಲಿಸಿದಳು.

“ಸಿಹಿ.”

ಚಿಕ್ಕ ವೈದ್ಯರು ಮೂಸಿ ತಲೆಯಾಡಿಸಿದರು. ಅತಿಮಧುರ.

ಬಾಗಿಲ ಬಳಿ ಮೇಷ್ಟ್ರು ಪತ್ರಿಕೆಯನ್ನು ಮುಖದ ಮೇಲೆ ಹಾಕಿಕೊಂಡು ನಿದ್ದೆ ಹೋಗಿದ್ದರು. ಅವಳು ಹದಿನಾಲ್ಕು ಪೊಟ್ಟಣ ಕಟ್ಟಿ, ಅವರನ್ನೆಬ್ಬಿಸಿ ಕೈಗಿಟ್ಟಳು. ಆಮೇಲೆ ಒಂದು ಲೋಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಇಪ್ಪತ್ನಾಲ್ಕನೆಯ ಡಬ್ಬಿಗೆ ಕೈಹಾಕಿದಳು.